ನೀಲಿ ನೀರು ತಿಳಿಯಾದರೆ ಬಾವಿಯ ವಿಷ ಹೋಯಿತೇ?

ಪ್ರಶ್ನೆ: ಸರ, ನಮ್ಮದು ಸೇಡಂ ತಾಲೂಕಿನ ಒಂದು ಹಳ್ಳಿ. ಹೊಲದಲ್ಲಿ ಅಜ್ಜನ ಕಾಲದ ತೆರೆದ ಬಾವಿ ಇದೆ. ಇಪ್ಪತ್ತು ಅಡಿ ಅಗಲ, ಈಗ ಹತ್ತು ಅಡಿ ನೀರಿದೆ. ಮೂರು ವಾರದ ಹಿಂದೆ ನನ್ನ ಮೈದುನ ಬಾವಿ ಕಟ್ಟೆ ಮೇಲೆ ಸಿಂಪಡಿಸುವ ಪಂಪಿಗೆ ಎಣ್ಣೆ, ಅಂದರೆ ಕೀಟನಾಶಕ, ಕಲಸುವಾಗ ಬಾಟಲಿ ಕೈಜಾರಿ ಒಳಗೆ ಬಿತ್ತು. ಗೆದ್ದಲಿಗೆ ಅಂತ ತಂದ ಕ್ಲೋರೋಪೈರಿಫಾಸ್, 20 ಇ.ಸಿ. ಅರ್ಧ ಲೀಟರಿನ ಬಾಟಲಿ, ಅರ್ಧ ತುಂಬಿತ್ತು. ನೀರು ಹಾಲಿನಂತೆ ಬೆಳ್ಳಗಾಯಿತು. ಸಂಜೆ ಪಾತಾಳ ಗರಡಿ ಹಾಕಿ ಬಾಟಲಿ ತೆಗೆದರು, ಒಳಗೆ ಏನೂ ಉಳಿದಿರಲಿಲ್ಲ. ಈಗ ವಾಸನೆ ಹೋಗಿದೆ. ಒಬ್ಬರು ಬ್ಲೀಚಿಂಗ್ ಪೌಡರ್ ಹಾಕಿ ಅಂತಾರೆ, ಒಬ್ಬರು ಪಟಿಕ ಅಂತಾರೆ, ಬಿಸಿಲಿಗೆ ತಾನೇ ಹೋಗ್ತದೆ ಅಂತಾರೆ ಇನ್ನೊಬ್ಬರು. ಹೋದ ವಾರ ಒಬ್ಬ ಬಂದಿದ್ದ. ಅವನ ಬಳಿ ಬಿಳಿ ಜಾಲರಿ ಇತ್ತು. ಬಿಸಿಲು ಬಿದ್ದರೆ ಈ ನೂಲು ಕೀಟನಾಶಕವನ್ನು ತಿಂದು ಹಾಕುತ್ತದೆ ಅಂದ. ನಮ್ಮೆದುರೇ ನೀಲಿ ಬಣ್ಣದ ನೀರಿನಲ್ಲಿ ಇಟ್ಟು ತೋರಿಸಿದ, ಮಧ್ಯಾಹ್ನದೊಳಗೆ ನೀರು ತಿಳಿಯಾಯಿತು. ಬಾವಿಗೆ ಇಳಿಬಿಡಲು 14 ಸಾವಿರ ಕೇಳುತ್ತಿದ್ದಾನೆ. ಇದು ನಿಜವೋ? ಎಮ್ಮೆಗಾದರೂ ಈ ನೀರು ಕುಡಿಸಬಹುದೋ? ಕುಡಿಲಿಕ್ಕೆ ಬರ್ತದೋ ಇಲ್ಲೋ, ಅಷ್ಟು ಹೇಳ್ರಿ.

ಉತ್ತರ: ಅಕ್ಕ, ಮೊದಲು ನಿಮ್ಮ ಕೊನೆಯ ಮಾತಿಗೇ ಉತ್ತರ ಹೇಳುತ್ತೇನೆ. ಈಗ ಬರುವುದಿಲ್ಲ. ನೀವೂ ಕುಡಿಯಬೇಡಿ, ಎಮ್ಮೆಗೂ ಕುಡಿಸಬೇಡಿ. ಎಮ್ಮೆ ಕುಡಿದದ್ದು ಅದರ ಹೊಟ್ಟೆಯಲ್ಲೇ ನಿಲ್ಲುವುದಿಲ್ಲ, ಸ್ವಲ್ಪ ಹಾಲಿಗೂ ಇಳಿಯಬಹುದು. ಆ ಹಾಲು ನಿಮ್ಮ ಮನೆಯ ಮಕ್ಕಳಿಗೇ ಬರುತ್ತದೆ ಅಲ್ವಾ. ಊರಿನ ನಲ್ಲಿ ನೀರೋ ಶುದ್ಧ ನೀರಿನ ಘಟಕದ ಕ್ಯಾನೋ, ಸದ್ಯಕ್ಕೆ ಅದನ್ನೇ ಬಳಸಿ. ಬಾವಿಯನ್ನು ಸರಿಮಾಡಬಹುದು, ದೊಡ್ಡ ಖರ್ಚೂ ಇಲ್ಲ. ಆದರೆ ಜಾಲರಿಯಿಂದ ಅದು ಆಗುವುದಿಲ್ಲ.

ಆತ ತೋರಿಸಿದ್ದು ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆ ನೂಲಿನ ಹಿಂದೆ ನಿಜವಾದ ವಿಜ್ಞಾನ ಇದೆ. ನಾನು ಹಲವು ವರ್ಷ ನೀರಿನ ಪರೀಕ್ಷೆ ಮತ್ತು ಶುದ್ಧೀಕರಣದ ಕೆಲಸ ಮಾಡಿದವನು, ಇಂಥ ನೂಲನ್ನು ಕೈಯಲ್ಲಿ ಹಿಡಿದು ನೋಡಿದವನು. ನನಗೆ ಅದರ ಮೇಲೆ ಪ್ರೀತಿಯೇ ಇದೆ. ಅದಕ್ಕೇ ಅದನ್ನು ತಪ್ಪು ಜಾಗದಲ್ಲಿ ಮಾರುವುದು ಕಂಡರೆ ಹೊಟ್ಟೆ ಉರಿಯುತ್ತದೆ.

ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಇರುತ್ತದೆ. ಟೂತ್‌ಪೇಸ್ಟಿನಲ್ಲೂ ಹಾಕುತ್ತಾರೆ. ಇದರ ಮೇಲೆ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಪುಡಿಯ ಮೈಯಲ್ಲಿ ವಿದ್ಯುತ್ತಿನ ಕಣಗಳು ಎದ್ದು ಓಡಾಡುತ್ತವೆ. ಅವು ನೀರನ್ನು, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮುಟ್ಟಿದಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಬಹಳ ಚುರುಕಾದ ತುಣುಕು ಹುಟ್ಟುತ್ತದೆ. ಕೈಗೆ ಸಿಕ್ಕ ಯಾವ ಸಾವಯವ ವಸ್ತುವನ್ನೂ ಅದು ಬಿಡುವುದಿಲ್ಲ, ಕಿತ್ತು ಚೂರು ಮಾಡುತ್ತದೆ. ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆದು ತೋರಿಸಿದರು. ಈ ವಿದ್ಯೆ ಅಲ್ಲಿಂದ ಬೆಳೆಯಿತು.

ಪುಡಿಯನ್ನು ನೀರಿಗೆ ಕಲಸಿದರೆ ಕೆಲಸ ಚೆನ್ನಾಗಿ ಆಗುತ್ತದೆ. ತೊಂದರೆ ಏನೆಂದರೆ ಆಮೇಲೆ ಆ ಪುಡಿಯನ್ನು ನೀರಿನಿಂದ ಹೊರಗೆ ತೆಗೆಯುವುದೇ ಕಷ್ಟ. ಅಷ್ಟು ಸಣ್ಣದು. ಅದಕ್ಕೆ ಅದನ್ನು ನೂಲಿನ ಮೇಲೆ ಕೂರಿಸುವ ಉಪಾಯ ಬಂತು. ಗಾಜಿನ ನೂಲು, ಸಿರಾಮಿಕ್ ನೂಲು, ಹೀಗೆ. ನೀರು ಎಳೆಗಳ ನಡುವೆ ಹರಿಯುತ್ತದೆ, ಪುಡಿ ನೂಲಿನಲ್ಲೇ ಉಳಿಯುತ್ತದೆ. ಒಳ್ಳೆಯ ಯೋಚನೆ.

ಇನ್ನು ಬಾವಿಗೆ ಬರೋಣ. ಆ ರ‍್ಯಾಡಿಕಲ್‌ನ ಆಯುಸ್ಸು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ. ನೂಲಿನ ಮೈ ಬಿಟ್ಟು ಅದು ದೂರ ಹೋಗುವುದೇ ಇಲ್ಲ. ಅಂದರೆ ಜಾಲರಿ ವಿಷದ ಹತ್ತಿರ ಹೋಗುವುದಿಲ್ಲ, ವಿಷವೇ ಬಂದು ಜಾಲರಿಗೆ ತಾಗಬೇಕು. ತಾಗುವ ಹೊತ್ತಿಗೆ ಅಲ್ಲಿ ಬಿಸಿಲೂ ಇರಬೇಕು. ನಿಮ್ಮ ಬಾವಿಯೊಳಗೆ ನೇರ ಬಿಸಿಲು ಬೀಳುವುದು ನಡುಮಧ್ಯಾಹ್ನ ಸ್ವಲ್ಪ ಹೊತ್ತು. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ, ಅದು ನಿಜ. ಆದರೆ ಇಲ್ಲಿ ಕೆಲಸ ಮಾಡುವುದು ಬಿಸಿಲಿನ ಕಾವು ಅಲ್ಲ, ನೇರಳಾತೀತ ಬೆಳಕು. ಬಿಸಿಲಿನ ಒಟ್ಟು ಶಕ್ತಿಯಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು ಮಾತ್ರ.

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಆಳ ಅಂದರೆ ಸುಮಾರು 89 ಸಾವಿರ ಲೀಟರ್ ನೀರು. ಜಾಲರಿ ಚೆನ್ನಾಗಿ ಕೆಲಸ ಮಾಡುವುದು ತಟ್ಟೆಯಂಥ ಪಾತ್ರೆಯಲ್ಲಿ, ಎರಡು ಬೆರಳು ಆಳದ ನೀರಿನಲ್ಲಿ. ಒಂದು ಚದರ ಮೀಟರಿನ ಜಾಲರಿ, ಮೇಲೆ ಮೂರು ಸೆಂಟಿಮೀಟರ್ ನೀರು ಅಂದರೆ 30 ಲೀಟರ್. ದಿನಕ್ಕೆ ಒಂದು ತಟ್ಟೆ ಪೂರ್ತಿ ಶುದ್ಧವಾಯಿತು ಅಂತಲೇ ಇಟ್ಟುಕೊಳ್ಳಿ. ನಿಮ್ಮ ಬಾವಿ ಮುಗಿಯಲು ಹತ್ತಿರ ಹತ್ತಿರ ಮೂರು ಸಾವಿರ ದಿನ ಬೇಕು. ಎಂಟು ವರ್ಷ!

ಹಾಗಾದರೆ ನೀಲಿ ನೀರು ಹೇಗೆ ತಿಳಿಯಾಯಿತು? ಈ ಪ್ರಯೋಗ ನಾನೇ ಮಾಡಿದ್ದೇನೆ. ತಾರಸಿ ಮೇಲೆ ಮೂರು ಟ್ರೇ ಇಟ್ಟೆ. ಮೂರರಲ್ಲೂ ಒಂದೇ ಗಾಜಿನ ನೂಲಿನ ಬಟ್ಟೆ, ಒಂದೇ ಅಳತೆಯ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ. ಮೊದಲನೆಯದರಲ್ಲಿ ಡಿಸ್ಟಿಲ್ಡ್ ನೀರು, ಊಟದ ಹೊತ್ತಿಗೆ ತಿಳಿಯಾಯಿತು. ಎರಡನೆಯದರಲ್ಲಿ ನಿಮ್ಮ ಸೇಡಂ ಕಡೆಯದೇ ಒಂದು ಬಾವಿಯ ನೀರು. ಸಂಜೆಯಾದರೂ ತಿಳಿನೀಲಿ ಉಳಿದಿತ್ತು. ಮೂರನೆಯದರಲ್ಲಿ ಮಳೆಗೆ ರಾಡಿಯಾದ ಹಳ್ಳದ ನೀರು. ಅದು ಮರುದಿನವೂ ನೀಲಿಯಾಗೇ ಇತ್ತು.

ಎರಡನೆಯ ಟ್ರೇ ಯಾಕೆ ಹಿಂದೆ ಬಿತ್ತು ಅನ್ನುವುದಕ್ಕೆ ಉತ್ತರ ನಿಮ್ಮ ಕಾಲಡಿಯಲ್ಲೇ ಇದೆ. ಸೇಡಂ, ಮಳಖೇಡ, ಶಹಾಬಾದ್, ವಾಡಿ ಎಲ್ಲ ಸುಣ್ಣದ ಕಲ್ಲಿನ ನೆಲ. ಮನೆಗೆ ಹಾಸುವ ಫರಸಿ ಅದೇ ಕಲ್ಲು, ಸಿಮೆಂಟ್ ಕಾರ್ಖಾನೆ ಬಂದದ್ದೂ ಅದರಿಂದಲೇ. ಆ ಕಲ್ಲಿನೊಳಗೆ ಹಾಯ್ದು ಬರುವ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದಕ್ಕೆ ಇದೇ ಕಾರಣ. ಈ ಬೈಕಾರ್ಬೊನೇಟ್ ಎರಡು ಕೇಡು ಮಾಡುತ್ತದೆ. ವಿಷವನ್ನು ಒಡೆಯಬೇಕಾದ ರ‍್ಯಾಡಿಕಲ್ ಅನ್ನು ತಾನೇ ನುಂಗುತ್ತದೆ. ಮೇಲಾಗಿ ನೂಲಿನ ಮೇಲೆ ಸುಣ್ಣವಾಗಿ ಕೂತು ಬೆಳಕನ್ನೇ ತಡೆಯುತ್ತದೆ. ನನ್ನ ಬಟ್ಟೆ ಒಂದು ವಾರಕ್ಕೆ ಹಪ್ಪಳದಂತೆ ಒರಟಾಗಿತ್ತು. ನಿಂಬೆಹಣ್ಣಿನ ನೀರಿನಲ್ಲಿ ನೆನೆಸಿ ತೊಳೆದ ಮೇಲೆ ಮತ್ತೆ ಕೆಲಸಕ್ಕೆ ಬಂತು.

ಇನ್ನೂ ಒಂದು ಮಾತು. ಬಣ್ಣ ಹೋಗುವುದು ಸುಲಭ. ಆ ಅಣುವಿನ ಒಂದು ಕೊಂಡಿ ಕಳಚಿದರೂ ಸಾಕು, ಕಣ್ಣಿಗೆ ತಿಳಿ ನೀರು. ಎಷ್ಟೋ ಸಲ ಬಣ್ಣ ಒಡೆದೇ ಇರುವುದಿಲ್ಲ, ಬಟ್ಟೆ ಅದನ್ನು ಹೀರಿಕೊಂಡಿರುತ್ತದೆ. ಕೀಟನಾಶಕಕ್ಕೆ ಬಣ್ಣವೇ ಇಲ್ಲ. ಅದು ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಕಣ್ಣು ಹೇಳಲಾರದು.

ನಿಮ್ಮ ಬಾಟಲಿಯ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ಕ್ಲೋರೋಪೈರಿಫಾಸ್ ಅಣುವಿನಲ್ಲಿ ರಂಜಕಕ್ಕೆ ಅಂಟಿದ ಒಂದು ಗಂಧಕ ಇದೆ. ಆ ಗಂಧಕದ ಜಾಗಕ್ಕೆ ಆಮ್ಲಜನಕ ಬಂದು ಕೂತರೆ ಅದು ಕ್ಲೋರೋಪೈರಿಫಾಸ್ ಆಕ್ಸಾನ್ ಆಗುತ್ತದೆ. ಇದು ಮೂಲ ಔಷಧಕ್ಕಿಂತ ಎಷ್ಟೋ ಪಾಲು ಜಾಸ್ತಿ ವಿಷ. ಹುಳು ಸಾಯುವುದೂ ಹೀಗೆಯೇ. ಅದರ ಮೈಯೊಳಗೆ ಔಷಧ ಆಕ್ಸಾನ್ ಆಗಿ ನರಕ್ಕೆ ಹೊಡೆಯುತ್ತದೆ. ನಮ್ಮ ಲಿವರ್ ಕೂಡ ಇದೇ ಬದಲಾವಣೆ ಮಾಡುತ್ತದೆ. ಬೆಳಕಿನ ನೂಲು ಕ್ಲೋರೋಪೈರಿಫಾಸನ್ನು ಒಡೆಯುವಾಗಲೂ ದಾರಿಯಲ್ಲಿ ಆಕ್ಸಾನ್ ಬಂದು ಹೋಗುತ್ತದೆ. ಸಾಕಷ್ಟು ಹೊತ್ತು, ಸಾಕಷ್ಟು ಬೆಳಕು ಸಿಕ್ಕರೆ ಅದೂ ಒಡೆದು ಕೊನೆಗೆ ಇಂಗಾಲದ ಡೈಆಕ್ಸೈಡ್, ಫಾಸ್ಫೇಟ್, ಸಲ್ಫೇಟ್, ಕ್ಲೋರೈಡ್ ಆಗುತ್ತದೆ. ಅರ್ಧ ದಾರಿಗೆ ನಿಂತರೆ ಮೊದಲಿಗಿಂತ ಕೆಟ್ಟ ಜಾಗದಲ್ಲಿ ನಿಂತಂತೆ.

ಬ್ಲೀಚಿಂಗ್ ಪೌಡರ್ ಮಾತು ಬಂದದ್ದರಿಂದ ಇದನ್ನು ಇಷ್ಟು ಬಿಡಿಸಿ ಹೇಳಿದೆ. ದಯವಿಟ್ಟು ಅದನ್ನು ಹಾಕಬೇಡಿ. ನೀರಿನಲ್ಲಿರುವ ಕಾಲರಾ, ವಾಂತಿಭೇದಿಯ ರೋಗಾಣು ಕೊಲ್ಲಲು ಅದು ಒಳ್ಳೆಯದು. ಆದರೆ ಕ್ಲೋರಿನ್ ಕ್ಲೋರೋಪೈರಿಫಾಸಿಗೆ ತಾಗಿದರೆ ಗಂಧಕವನ್ನು ಕಿತ್ತು ಆಕ್ಸಾನ್ ಮಾಡುತ್ತದೆ. ಈ ಬದಲಾವಣೆ ಬೇಗ ಆಗುತ್ತದೆ. ಊರಿನಲ್ಲಿ ಬಾವಿ ಕೆಟ್ಟಿತು ಅಂದ ಕೂಡಲೇ ಪೌಡರ್ ಸುರಿಯುವುದು ರೂಢಿ. ಎಣ್ಣೆ ಬಿದ್ದ ಬಾವಿಗೆ ಅದು ಬೇಡ.

ಪಟಿಕ ರಾಡಿಯನ್ನು ತಳಕ್ಕೆ ಇಳಿಸುತ್ತದೆ. ಮಣ್ಣಿಗೆ ಅಂಟಿದ ವಿಷವೂ ಅದರ ಜೊತೆ ಇಳಿಯುತ್ತದೆ, ಆದರೆ ಬಾವಿಯಲ್ಲೇ ಇರುತ್ತದೆ. ಕುದಿಸುವುದನ್ನು ನಂಬಬೇಡಿ, ಕುದಿಸಿದರೆ ಸಾಯುವುದು ರೋಗಾಣು. ಮನೆಯ ಯು.ವಿ. ಫಿಲ್ಟರಿನ ದೀಪ ಇರುವುದೂ ರೋಗಾಣುವಿಗೇ. ಟಿ.ಡಿ.ಎಸ್. ಮೀಟರ್ ಉಪ್ಪಿನಂಶ ತೋರಿಸುತ್ತದೆ, ಕೀಟನಾಶಕವನ್ನಲ್ಲ. ಸುಣ್ಣ ಹಾಕಿ ಅನ್ನುವವರೂ ಇರುತ್ತಾರೆ, ಆ ಮಾತಿನಲ್ಲಿ ಮಾತ್ರ ಸ್ವಲ್ಪ ಸತ್ಯ ಇದೆ. ಸುಣ್ಣ ಹಾಕಿ ನೀರು ಕ್ಷಾರವಾದರೆ ಕ್ಲೋರೋಪೈರಿಫಾಸ್ ಬೇಗ ಮುರಿಯುತ್ತದೆ. ಆದರೂ ಅದು ಕೆಲವು ದಿನ, ವಾರಗಳ ಮಾತು. ಮುರಿದ ಚೂರು ನೀರಿನಲ್ಲೇ ಉಳಿಯುತ್ತದೆ.

ಬಿಸಿಲಿಗೆ ತಾನೇ ಹೋಗುತ್ತದೆ ಅನ್ನುವುದು ಎಲೆಯ ಮೇಲಿನ, ಮಣ್ಣಿನ ಮೇಲಿನ ಔಷಧಕ್ಕೆ ಒಂದಷ್ಟು ನಿಜ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಬೆಳಕಿದ್ದ ನೀರಿನಲ್ಲಿಯೂ ಒಡೆಯುತ್ತದೆ. ಕತ್ತಲ ಬಾವಿಯಲ್ಲಿ ಆ ಮಾತು ನಡೆಯುವುದಿಲ್ಲ. ವಾಸನೆ ಹೋಗಿದೆ ಅಂದಿರಲ್ಲ, ಆ ವಾಸನೆಯಲ್ಲಿ ದೊಡ್ಡ ಪಾಲು ಔಷಧವನ್ನು ಕರಗಿಸಿಟ್ಟ ಸೀಮೆಎಣ್ಣೆಯಂಥ ದ್ರಾವಕದ್ದು. ಅದು ಆರಿ ಹೋಯಿತು ಅಂದರೆ ವಿಷವೂ ಹೋಯಿತು ಅಂತಲ್ಲ.

ಈಗ ಏನು ಮಾಡಬೇಕು. ಬಿದ್ದದ್ದು 250 ಮಿಲಿ ಲೀಟರ್. 20 ಇ.ಸಿ. ಅಂದರೆ ನೂರಕ್ಕೆ ಇಪ್ಪತ್ತು ಪಾಲು ವಿಷ, ಹಾಗಾಗಿ ಅದರಲ್ಲಿ ಸುಮಾರು 50 ಗ್ರಾಂ ವಿಷ. 89 ಸಾವಿರ ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು 560 ಮೈಕ್ರೋಗ್ರಾಂ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದು ಕ್ಲೋರೋಪೈರಿಫಾಸಿಗೆ ಹಾಕಿದ ಮಿತಿ 30 ಮೈಕ್ರೋಗ್ರಾಂ. ಅಂದರೆ ಬಿದ್ದ ದಿನ ಹತ್ತೊಂಬತ್ತು ಪಟ್ಟು ಜಾಸ್ತಿ ಇತ್ತು. ಮೂರು ವಾರದಲ್ಲಿ ಒಂದಷ್ಟು ಮುರಿದಿರುತ್ತದೆ, ಒಂದಷ್ಟು ಹೂಳಿಗೆ ಅಂಟಿರುತ್ತದೆ. ಈ ಔಷಧಕ್ಕೆ ನೀರಿಗಿಂತ ಜೇಡಿಮಣ್ಣೇ ಇಷ್ಟ.

ಬಾವಿ ಬತ್ತಿಸಿ. ಮೋಟಾರ್ ಹಚ್ಚಿ ಹತ್ತರಲ್ಲಿ ಒಂಬತ್ತು ಪಾಲು ನೀರು ತೆಗೆದು, ಸೆಲೆ ಮತ್ತೆ ತುಂಬಲು ಬಿಟ್ಟರೆ ಲೆಕ್ಕದಲ್ಲಿ 56ಕ್ಕೆ ಇಳಿಯುತ್ತದೆ. ಎರಡನೆಯ ಸಲಕ್ಕೆ ಆರರ ಒಳಗೆ. ಹೂಳಿನಿಂದ ಮತ್ತೆ ನೀರಿಗೆ ಬರುವುದರಿಂದ ನಾನು ಮೂರು ಸಲ ಮಾಡಿ ಎನ್ನುತ್ತೇನೆ. ಮೊದಲ ಸಲ ಬತ್ತಿಸಿದಾಗಲೇ ಹೂಳು ತೆಗೆಸಿ. ಇಳಿಯುವವರು ಗಂಬೂಟು, ರಬ್ಬರ್ ಕೈಗವಸು ಹಾಕಲಿ. ಗಾಳಿಯಾಡದ ಬಾವಿಗೆ ಯಾರೂ ಒಬ್ಬರೇ ಇಳಿಯಬಾರದು, ಮೇಲೆ ಹಗ್ಗ ಹಿಡಿದು ಇಬ್ಬರು ನಿಲ್ಲಲೇಬೇಕು. ಈ ಕೆಲಸದ ದೊಡ್ಡ ಅಪಾಯ ಎಣ್ಣೆಯಲ್ಲ, ಬಾವಿಯ ತಳದ ಉಸಿರುಗಟ್ಟಿಸುವ ಗಾಳಿ.

ಆ ನೀರನ್ನು ಎಲ್ಲಿ ಬಿಡಬೇಕು? ಹಳ್ಳಕ್ಕೆ ಬೇಡ. ಮೀನಿಗೆ ಇದು ಬಲು ಕೆಟ್ಟದ್ದು, ಕೆಳಗಿನ ಊರಿನವರೂ ಅದೇ ನೀರು ಬಳಸುತ್ತಾರೆ. ನಿಮ್ಮ ಎರೆ ಹೊಲಕ್ಕೆ ತೆಳ್ಳಗೆ ಹರಡಿ ಬಿಡಿ, ಬಾವಿಯಿಂದ ಆದಷ್ಟು ದೂರ. ಬೆಳೆ ಕೆಡುತ್ತದೆ ಅಂತ ಹೆದರಬೇಡಿ. ಲೀಟರಿಗೆ 2 ಮಿಲಿ ಲೀಟರ್ ಕಲಸಿ ಹೊಡೆಯುವ ಎಣ್ಣೆಗೆ ಹೋಲಿಸಿದರೆ ಈ ನೀರು ಬಿದ್ದ ದಿನವೇ ಏಳುನೂರು ಪಟ್ಟು ತೆಳು. ಕರಿ ಮಣ್ಣು ಅದನ್ನು ಹಿಡಿದಿಡುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳು ನಿಧಾನವಾಗಿ ಮುಗಿಸುತ್ತವೆ. ಕೊತ್ತಂಬರಿ, ಮೆಂತ್ಯದಂಥ ಸೊಪ್ಪಿನ ಮಡಿಗೆ ಮಾತ್ರ ಬಿಡಬೇಡಿ. ಬಿರುಕು ಬಿಟ್ಟ ನೆಲಕ್ಕೂ ಬೇಡ. ಬೇಸಿಗೆಯಲ್ಲಿ ಎರೆ ನೆಲ ಬಾಯಿ ಬಿಟ್ಟಿರುತ್ತದೆ, ಕೆಳಗೆ ಸೀಳು ಸೀಳು ಸುಣ್ಣದ ಕಲ್ಲು. ಅಲ್ಲಿ ನೀರು ಸೋಸದೆ ನೇರ ಸೆಲೆಗೆ ಇಳಿದು ನಿಮ್ಮ ಬಾವಿಗೋ ಪಕ್ಕದವರ ಬೋರಿಗೋ ಬರಬಹುದು.

ಇದಾದ ಮೇಲೆ ಪರೀಕ್ಷೆ ಮಾಡಿಸಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಉಳಿಕೆ ನೋಡುವ ಪ್ರಯೋಗಾಲಯ ಇದೆ. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ, ಮಾದರಿ ಹೇಗೆ ಕಳಿಸಬೇಕು ಅಂತ ಮೊದಲೇ ತಿಳಿದುಕೊಳ್ಳಿ. ಪ್ಲಾಸ್ಟಿಕ್ ಬಾಟಲಿ ಬೇಡ, ಈ ಔಷಧ ಅದರ ಗೋಡೆಗೆ ಅಂಟಿಕೊಂಡು ಲೆಕ್ಕ ತಪ್ಪಿಸುತ್ತದೆ. ಕಂದು ಬಣ್ಣದ ಗಾಜಿನ ಬಾಟಲಿ ತೊಳೆದು ಒಣಗಿಸಿ, ಬಾಯಿವರೆಗೆ ತುಂಬಿ, ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ಕಳಿಸಿ. ಸುಮ್ನೆ "ನೀರು ಪರೀಕ್ಷೆ ಮಾಡಿ" ಅಂದರೆ ಗಡಸುತನ, ಫ್ಲೋರೈಡ್ ನೋಡಿ ಚೀಟಿ ಕೊಡುತ್ತಾರೆ. ಕ್ಲೋರೋಪೈರಿಫಾಸ್ ಮತ್ತು ಅದರ ಆಕ್ಸಾನ್ ಎರಡನ್ನೂ ನೋಡಿ ಅಂತ ಬರೆದುಕೊಡಿ.

ಚೀಟಿ ಬಂದ ಮೇಲೂ ಮನಸ್ಸಿಗೆ ಸಮಾಧಾನ ಇಲ್ಲ ಅಂದರೆ ಕುಡಿಯುವ ನೀರಿಗೆ ಮಾತ್ರ ಆ್ಯಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಇಡಬಹುದು. ಆ ಇದ್ದಿಲು ಇಂಥ ಔಷಧವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಹಿಡಿದು ಹಿಡಿದು ತುಂಬುತ್ತದೆ, ತುಂಬಿದ್ದು ಹೊರಗೆ ಗೊತ್ತಾಗುವುದಿಲ್ಲ. ಹೇಳಿದ ಅವಧಿಗೆ ಬದಲಿಸದಿದ್ದರೆ ಅದು ಇದ್ದೂ ಇಲ್ಲದಂತೆ.

ಜಾಲರಿಯವನು ಮತ್ತೆ ಬಂದರೆ ಒಂದು ಎಳೆ ಕೇಳಿ, ಕಡ್ಡಿ ಗೀರಿ ಹಿಡಿಯಿರಿ. ಕರಗಿ ಗುಂಡಗಾದರೆ ಅದು ನೈಲಾನೋ ಪ್ಲಾಸ್ಟಿಕ್ಕೋ. ಕಾಗದದಂತೆ ಉರಿದರೆ ಹತ್ತಿ. ಇವೆರಡರ ಮೇಲೂ ಈ ಪುಡಿ ಬಹಳ ದಿನ ಬಾಳುವುದಿಲ್ಲ. ರ‍್ಯಾಡಿಕಲ್‌ಗೆ ಕೀಟನಾಶಕ ಯಾವುದು, ತನ್ನನ್ನು ಹೊತ್ತ ನೂಲು ಯಾವುದು ಅನ್ನುವ ಭೇದ ಇಲ್ಲ. ನೂಲನ್ನೇ ತಿನ್ನುತ್ತದೆ. ನೂಲು ಪುಡಿಯಾಗಿ, ಬಿಳಿ ಪುಡಿಯೂ ಸೇರಿ, ಬಾವಿಗೆ ಉದುರುತ್ತದೆ. ಗಾಜಿನ ಎಳೆ ಹೀಗೆ ಉರಿಯುವುದಿಲ್ಲ. ಆಮೇಲೆ ಅವನ ನೀಲಿ ನೀರಿಗೆ ಇನ್ನೆರಡು ಬಾಟಲಿ ಸೇರಿಸಲು ಹೇಳಿ. ಒಂದರಲ್ಲಿ ಜಾಲರಿ ಹಾಕಿ ಕತ್ತಲ ಕೋಣೆಯಲ್ಲಿಡಿ. ಇನ್ನೊಂದನ್ನು ಜಾಲರಿ ಇಲ್ಲದೆ ಬಿಸಿಲಿಗಿಡಿ. ಕತ್ತಲಲ್ಲಿದ್ದದ್ದೂ ತಿಳಿಯಾದರೆ ಜಾಲರಿ ಬಣ್ಣ ಹೀರಿದೆ ಅಷ್ಟೇ. ಜಾಲರಿ ಇಲ್ಲದ್ದೂ ತಿಳಿಯಾದರೆ ಅದು ಬರೀ ಬಿಸಿಲಿನ ಕೆಲಸ. ಯಾವ ಕೀಟನಾಶಕ, ಎಷ್ಟು ಲೀಟರ್ ನೀರು, ಎಷ್ಟು ಗಂಟೆ ಬಿಸಿಲು, ಮೊದಲು ಎಷ್ಟಿತ್ತು, ಆಮೇಲೆ ಎಷ್ಟು ಉಳಿಯಿತು ಎಂಬ ಪ್ರಯೋಗಾಲಯದ ವರದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಾಗಾದರೆ ಬಿಸಿಲಿನಿಂದ ವಿಷ ಕಳೆಯುವುದು ಎಲ್ಲೂ ನಡೆಯುವುದಿಲ್ಲವೇ ಅಂತ ನಿಮ್ಮ ಮನೆಯ ಮಕ್ಕಳು ಕೇಳಬಹುದು. ನಡೆಯುತ್ತದೆ. ಸ್ಪೇನಿನ ಅಲ್ಮೇರಿಯಾದಲ್ಲಿ ಕಣ್ಣು ಹಾಯುವಷ್ಟು ದೂರ ಪ್ಲಾಸ್ಟಿಕ್ ಹೊದಿಸಿದ ತರಕಾರಿ ತೋಟಗಳಿವೆ. ಅಲ್ಲಿನ ಖಾಲಿ ಕೀಟನಾಶಕ ಬಾಟಲಿ ತೊಳೆದ ನೀರನ್ನು ಗಾಜಿನ ಕೊಳವೆಗಳಲ್ಲಿ ಹರಿಸಿ, ಹಿಂದೆ ಕನ್ನಡಿಯಂಥ ಹಾಳೆ ಇಟ್ಟು ಬಿಸಿಲು ಕೂಡಿಸುವ ಘಟಕ ಕಟ್ಟಿದ್ದಾರೆ. ಅಲ್ಲಿ ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬಳಸುವ ಪದ್ಧತಿಯೂ ಇದೆ. ನೀರು ಕಡಿಮೆ, ವಿಷ ಗಟ್ಟಿ, ಏನಿದೆ ಅಂತ ಗೊತ್ತು, ಪಕ್ಕದಲ್ಲೇ ಅಳೆಯುವವರು ಇದ್ದಾರೆ. ಅಂಥ ಕಡೆ ಬೆಳಕಿನ ವಿದ್ಯೆಗೆ ಬೆಲೆ ಇದೆ. ನಮ್ಮ ಜಿಲ್ಲೆಯಲ್ಲೂ ತೊಗರಿಗೆ ಕಾಯಿಕೊರಕದ ಎಣ್ಣೆ ಹೊಡೆಯುವ ದಿನಗಳಲ್ಲಿ ಒಂದೊಂದು ಊರಿನಲ್ಲಿ ಎಷ್ಟೋ ಪಂಪು ತೊಳೆಯುತ್ತಾರೆ. ಆ ತೊಳೆದ ನೀರನ್ನು ಒಂದು ಕಡೆ ಕೂಡಿಸಿ, ಫರಸಿಯ ತೆಳು ತೊಟ್ಟಿಯಲ್ಲಿ ಗಾಜಿನ ನೂಲು ಹಾಸಿ, ಯಾರಾದರೂ ಅಳೆಯುತ್ತಾ ಪ್ರಯೋಗ ಮಾಡಿದರೆ ನಾನೇ ಹೋಗಿ ಕೈಜೋಡಿಸುತ್ತೇನೆ. ಸ್ವೀಡನ್ನಿನಲ್ಲಿ ರೈತರು 1990ರ ದಶಕದಿಂದ ಹುಲ್ಲು, ಪೀಟ್ (ಜೌಗು ನೆಲದಲ್ಲಿ ಅರೆಕೊಳೆತ ಗಿಡಗಳ ಪದರ) ಮತ್ತು ಮಣ್ಣು ಬೆರೆಸಿದ ಗುಂಡಿಯ ಮೇಲೆ ಪಂಪು ತುಂಬುತ್ತಾರೆ. ಚೆಲ್ಲಿದ್ದನ್ನು ಅದರೊಳಗಿನ ಶಿಲೀಂಧ್ರಗಳು ಮುರಿಯುತ್ತವೆ. ನಮ್ಮಲ್ಲಿ ಹುಲ್ಲಿಗೆ ಬದಲು ಜೋಳದ ಕಣಕಿ ಹಾಕಿ ನೋಡಬಹುದು. ಆದರೆ ತಳ ಸೋರದಂತೆ ಕಟ್ಟಬೇಕು, ಇಲ್ಲದಿದ್ದರೆ ಸುಣ್ಣದ ಕಲ್ಲಿನ ಸೀಳಿಗೆ ನಾವೇ ವಿಷ ಇಳಿಸಿದಂತಾಗುತ್ತದೆ.

ನಿಮ್ಮ ಮನೆಗೆ ಇದ್ಯಾವುದೂ ಬೇಡ. ಎಣ್ಣೆ ಕಲಸುವ ಜಾಗವನ್ನು ಬಾವಿಯಿಂದ ದೂರ ಸರಿಸಿ. ನೀರನ್ನು ಕೊಡದಲ್ಲಿ ಅಲ್ಲಿಗೇ ಒಯ್ಯಿರಿ. ಬಾಟಲಿ ಖಾಲಿಯಾದಾಗ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿದು ಬೆಳೆಗೇ ಹೊಡೆಯಿರಿ. ಪಂಪು ತೊಳೆದ ನೀರನ್ನೂ ಹಾಗೆಯೇ, ಹೊಡೆದ ಹೊಲದ ಅಂಚಿಗೆ. ಬಾಟಲಿಗೆ ತೂತು ಮಾಡಿಬಿಡಿ, ಇಲ್ಲದಿದ್ದರೆ ನಾಳೆ ಯಾರೋ ಅದರಲ್ಲಿ ಅಡುಗೆ ಎಣ್ಣೆ ತುಂಬುತ್ತಾರೆ.

ನಿಮ್ಮ ಮೈದುನನನ್ನು ಬೈಯಬೇಡಿ. ಕಟ್ಟೆ ಮೇಲೆ ಕೂತು ಕಲಸುವುದನ್ನು ನಾನು ನೂರು ಊರಲ್ಲಿ ನೋಡಿದ್ದೇನೆ, ನೀರು ಅಲ್ಲೇ ಇರುತ್ತದಲ್ಲ. ಆದರೆ ಬಾಟಲಿ ಹಿಡಿದ ಕೈಗೆ, ಮೈಗೆ ಎಣ್ಣೆ ಚೆಲ್ಲಿತ್ತಾ ಅಂತ ಕೇಳಿ. ಮುಂದೆಂದಾದರೂ ಎಣ್ಣೆ ಹೊಡೆದವರಿಗೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣಿನ ಗೊಂಬೆ ಸೂಜಿಮೊನೆಯಷ್ಟು ಸಣ್ಣಗಾಗುವುದು ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ, ಬಾಟಲಿಯ ಲೇಬಲ್ಲನ್ನೂ ಡಾಕ್ಟರಿಗೆ ತೋರಿಸಿ.

ಮೂರು ಸಲ ಬತ್ತಿಸಿ, ಮಾದರಿ ಕಳಿಸಿ, ವರದಿ ಬಂದ ದಿನ ನನಗೆ ಮತ್ತೆ ಬರೆಯಿರಿ. ಅದರಲ್ಲಿನ ಅಂಕಿಗಳನ್ನು ಹಾಗೇ ಬರೆದು ಕಳಿಸಿ. ಎಮ್ಮೆಗೆ ಯಾವಾಗಿಂದ ಕುಡಿಸಬಹುದು, ನೀವು ಯಾವಾಗಿಂದ ಅಂತ ಆಗ ಲೆಕ್ಕ ಹಾಕಿಯೇ ಹೇಳುತ್ತೇನೆ.